ಡಿಸ್‌ಪ್ಲೇ ಇದೆ, ನಂಬರ್ ಮಾತ್ರ ಇಲ್ಲ

ಸಂಪಾದಕರೇ,

ನಮ್ಮ ಆಫೀಸಲ್ಲಿ ಹೊಸ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳನ್ನ ಹೊರಗಿನ ಲೈನಿಗೆ ಸೇರ್ಸೋ ಬಾಕ್ಸು) ಹಾಕ್ಸಿ ಮೂರು ತಿಂಗಳಾಯ್ತು, ಡಿಸ್‌ಪ್ಲೇ ಇರೋ ಫೋನೇ ಕೊಟ್ಟಿದಾರೆ, ಆದ್ರೆ ಯಾರು ಫೋನ್ ಮಾಡಿದ್ರೂ ಅದ್ರಲ್ಲಿ ಬರೀ ಟೈಮು, ತಾರೀಕು. 140ರಿಂದ ಶುರುವಾಗೋ ಮಾರ್ಕೆಟಿಂಗ್ ಕಾಲ್ ಅಂತ ನೋಡಿ ಬಿಟ್ಟಾಕೋ ಭಾಗ್ಯನೂ ಇಲ್ಲ. ಹಾಕಿದೋರು ಲೈನ್ ತಪ್ಪು ಅಂತಾರೆ, ಲೈನಿನೋರು ನಿಮ್ ಬಾಕ್ಸ್ ತಪ್ಪು ಅಂತಾರೆ. ಕೊನೆಗೆ ನಾನೇ ಮನೆಯಿಂದ ಹಳೇ ಕಾಲರ್ ಐಡಿ ಫೋನ್ ತಂದು ನೇರ ಲೈನಿಗೆ ಸಿಗ್ಸಿ ನೋಡ್ದೆ, ನಂಬರ್ ಟಕ್ ಅಂತ ಬಂತು! ಬಾಕ್ಸಿನ ಪ್ರೋಗ್ರಾಮಿಂಗಲ್ಲಿ ಆ ಲೈನಿಗೆ ಕಾಲರ್ ಐಡಿ ಆನೇ ಮಾಡಿರ್ಲಿಲ್ಲ ಮಹಾನುಭಾವ್ರು.

ಈಗ ಬರ್ತಿದೆ, ಅದೂ ಪೂರ್ತಿ ಅಲ್ಲ. ಎಫ್‌ಎಸ್‌ಕೆ ಅಂತ, ನಂಬರನ್ನ ಸಂಕೇತವಾಗಿ ಲೈನಲ್ಲಿ ಕಳ್ಸೋ ಒಂದು ಪದ್ಧತಿ, ಆ ಥರದ ಲೈನಲ್ಲಿ ನಂಬರ್ ಬರೋದು ಸಾಮಾನ್ಯವಾಗಿ ಮೊದಲ್ನೇ ರಿಂಗಿಗೂ ಎರಡ್ನೇದಕ್ಕೂ ಮಧ್ಯದಲ್ಲಂತೆ, ನಮ್ ರಿಸೆಪ್ಷನ್ ಮೇಡಂ ಮೊದಲ್ನೇ ರಿಂಗಿಗೇ ಎತ್ತಿಬಿಡ್ತಾರೆ, ಅವ್ರ ಚುರುಕೇ ನಮಗೆ ತೊಂದ್ರೆ. ಇದನ್ನೂ ಯಾರೂ ಹೇಳಿರ್ಲಿಲ್ಲ.

ಸಿಸ್ಟಮ್ ಹಾಕೋರು ಬಿಲ್ ಕೈಗೆ ಕೊಡೋಕ್ ಮುಂಚೆ ಹೊರಗಿಂದ ಮೊಬೈಲಲ್ಲಿ ಒಂದೇ ಒಂದು ಕಾಲ್ ಮಾಡಿ ನಂಬರ್ ಬರುತ್ತಾ ತೋರ್ಸ್ಲಿ ಸ್ವಾಮಿ, ಎರಡು ನಿಮಿಷದ ಕೆಲ್ಸ.

ಒಬ್ಬ ಗುಮಾಸ್ತ, ತುಮಕೂರು