ಲಕ್ಕುಂಡಿಯ ಒಡೆದ ಮಡಕೆಗಳೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಲಕ್ಕುಂಡಿಯ ಮಾತು ಬಂದಾಗಲೆಲ್ಲ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನೂ ಅಲ್ಲಿದ್ದ ಟಂಕಸಾಲೆಯನ್ನೂ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಅಲ್ಲಿನ ಗುಡಿಗಳಿಗೆ ಕಲ್ಲು ಸಾಗಿಸಿದವರು, ಉಳಿಗಳನ್ನು ಹದ ಮಾಡಿದ ಕಮ್ಮಾರರು, ಅವರೆಲ್ಲರಿಗೆ ಅಡುಗೆ ಬೇಯಿಸಿದ ಹೆಂಗಸರು ದಾನಶಾಸನಗಳಲ್ಲಿ ಸಿಗುವುದು ಅಪರೂಪ. ಅವರ ಸುಳಿವು ಇರುವುದು ಮಣ್ಣಿನಲ್ಲಿ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಕಾದ ಕಾಳುಗಳು ಮೇಲೆ ತೇಲಿ, ಊಟದಲ್ಲಿ ಜೋಳವಿತ್ತೋ ನವಣೆಯಿತ್ತೋ ಎಂಬುದನ್ನು ತಿಳಿಸಬಲ್ಲವು. ಮಡಕೆಯ ಚೂರು ಹೀರಿಕೊಂಡ ಜಿಡ್ಡು ಅದರಲ್ಲಿ ಏನು ಬೆಂದಿತ್ತೆಂದು ಸೂಚಿಸುತ್ತದೆ. ಕಬ್ಬಿಣ ಕಾಯಿಸಿದಾಗ ಉಳಿಯುವ ಕಸವಾದ ಕಿಟ್ಟದಿಂದ ಕುಲುಮೆಯ ಜಾಗವನ್ನು, ಕಲ್ಲಿನ ಚಕ್ಕೆಗಳ ರಾಶಿಯಿಂದ ಕೆತ್ತನೆ ನಡೆದ ಜಾಗವನ್ನು ಗುರುತಿಸಬಹುದು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಹಳ್ಳೂರು ವಿದ್ವಾಂಸರ ಗಮನ ಸೆಳೆದದ್ದು ಬಂಗಾರದಿಂದಲ್ಲ, ಬಹು ಹಳೆಯ ಕಬ್ಬಿಣದ ಉಪಕರಣಗಳಿಂದ.

ಇಂಥ ವಸ್ತುಗಳು ಒಮ್ಮೆ ತಾವಿದ್ದ ಮಣ್ಣಿನ ಪದರದಿಂದ ಕದಲಿದರೆ, ಅವು ಯಾವ ಕಾಲದವು, ಯಾರ ಮನೆಯವು ಎಂದು ಹೇಳುವುದು ಕಷ್ಟ. ಆದ್ದರಿಂದ ಮನೆಯ ಪಾಯ ತೋಡುವಾಗ ಸಿಗುವ ಬೋಕಿ ಚೂರುಗಳನ್ನು ಎಸೆಯದೆ ತಿಳಿಸುವಂತೆ ಗ್ರಾಮಸ್ಥರಿಗೆ ಮಾಹಿತಿ ನೀಡಬೇಕು. ಬೀಸುವ ಕಲ್ಲು, ಒರಳುಗಳನ್ನು ಅವು ದೊರೆತ ಜಾಗದ ವಿವರದೊಂದಿಗೆ ಶಿಲ್ಪಗಳ ಪಕ್ಕದಲ್ಲೇ ಪ್ರದರ್ಶಿಸಬೇಕೆಂದು ಪುರಾತತ್ವ ಇಲಾಖೆಯನ್ನು ಕೋರುತ್ತೇನೆ.

– ಓದುಗ, ಗದಗ