ಕೋವಿ ಗುಂಡಿಗೆ ಯಾವ ಲ್ಯೂಬ್ ಅಂತ ಕೇಳೋ ಮುಂಚೆ ಬ್ಯಾರಲ್ ಒಳಗೊಂದ್ಸಲ ನೋಡಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪೇಪರಿನ ಓದುಗರ ಪ್ರಶ್ನೆ ಅಂಕಣದಲ್ಲಿ ಯಾರೋ ಒಬ್ರು, ಮನೇಲೇ ಸೀಸ ಕರಗಿಸಿ ಅಚ್ಚಲ್ಲಿ ಎರಕ ಹೊಯ್ಯೋ ಕೋವಿ ಗುಂಡಿಗೆ ಯಾವ ಲ್ಯೂಬ್ರಿಕೆಂಟ್ (ಲ್ಯೂಬ್, ಅಂದ್ರೆ ಜಾರೋಕೆ ಹಚ್ಚೋ ಜಿಡ್ಡು) ಬೆಸ್ಟು ಅಂತ ಕೇಳಿದ್ರು. ಅದಕ್ಕೆ ಬಂದ ಉತ್ತರ ಒಂದೂವರೆ ಸಾಲು. ಯಾವ್ದಾದ್ರೂ ಒಳ್ಳೇ ಗ್ರೀಸ್ ಧಾರಾಳವಾಗಿ ಬಳೀರಿ, ಜಾರಿದ್ರೆ ಸಾಕು ಅಂತ. ಓದಿ ಸುಮ್ನೆ ಇರಕ್ಕಾಗ್ಲಿಲ್ಲ, ಯಾಕಂದ್ರೆ ಆ ಒಂದೂವರೆ ಸಾಲಲ್ಲಿ ಎರಡು ತಪ್ಪಿದೆ, ಯಾವ್ದೋ ಒಂದು ಗ್ರೀಸ್ ಆಗಲ್ಲ, ಧಾರಾಳವಾಗೂ ಬಳೀಬಾರ್ದು. ಕಾನೂನು ಒಪ್ಪೋ ಕಡೆ ಲೈಸನ್ಸ್ ಇಟ್ಕೊಂಡು ಗುರಿ ಅಭ್ಯಾಸಕ್ಕೆ ಅಂತ ಇದನ್ನ ಮಾಡೋರ ಬಗ್ಗೆ ಮಾತ್ರ ನಾನು ಹೇಳ್ತಿರೋದು, ಅದು ಬಿಟ್ಟು ಬೇರೆಯವ್ರಿಗೆ ಈ ಪತ್ರ ಅಲ್ಲ.

ಮೊದ್ಲು ಲ್ಯೂಬ್ ಯಾಕೆ ಬೇಕು ಅನ್ನೋದು. ಅಂಗಡೀಲಿ ಸಿಗೋ ಫ್ಯಾಕ್ಟರಿ ಗುಂಡುಗಳಲ್ಲಿ ಬಹಳಷ್ಟಕ್ಕೆ ಮೇಲೆ ತಾಮ್ರದ ಕವಚ ಇರತ್ತೆ. ಮನೇಲಿ ಎರಕ ಹೊಯ್ದಿದ್ದು ಬರೀ ಸೀಸ, ಜೊತೆಗೆ ಸ್ವಲ್ಪ ತವರ ಆಂಟಿಮನಿ ಬೆರೆಸಿರ್ತಾರೆ ಅಷ್ಟೆ. ಸೀಸ ಮೆತ್ತಗಿನ ಲೋಹ, 327 ಡಿಗ್ರಿ ಸೆಲ್ಸಿಯಸ್ಸಿಗೇ ಕರಗತ್ತೆ, ಅದು ಉಕ್ಕಿನ ಬ್ಯಾರಲ್, ಅಂದ್ರೆ ನಳಿಗೆ, ಒಳಗಿನ ಸುರುಳಿ ಗೀರುಗಳಿಗೆ ಕಚ್ಕೊಂಡು ತಿರುಗ್ತಾ ಹೋಗ್ಬೇಕು, ಹಿಂದಿಂದ ಉರಿಯೋ ಗ್ಯಾಸ್ ತಳ್ತಿರತ್ತೆ. ಲ್ಯೂಬ್ ಇಲ್ದಿದ್ರೆ ಸೀಸ ಉಜ್ಜಿ ಉಜ್ಜಿ ಬ್ಯಾರಲ್ ಒಳಗೋಡೆಗೆ ಮೆತ್ಕೊಳತ್ತೆ, ಇದಕ್ಕೆ ಲೆಡಿಂಗ್ ಅಂತಾರೆ. ಒಂದ್ಸಲ ಮೆತ್ಕೊಂಡ್ರೆ ಮುಂದಿನ ಗುಂಡು ಅದರ ಮೇಲೇ ಉಜ್ಕೊಂಡು ಹೋಗಿ ಇನ್ನಷ್ಟು ಮೆತ್ತತ್ತೆ, ಗುರಿ ಹಾಳು, ಆಮೇಲೆ ತಾಮ್ರದ ಎಳೆ ಸುತ್ತಿದ ಬ್ರಷ್ ಹಾಕಿ ಉಜ್ಜಿ ತೆಗೆಯೋ ಹೊತ್ತಿಗೆ ತೋಳು ಬಿದ್ದೋಗತ್ತೆ. ಅದಕ್ಕೇ ಗುಂಡಿನ ಸುತ್ತ ಒಂದೆರಡು ಗ್ರೂವ್, ಅಂದ್ರೆ ಬಳೆ ಥರದ ಸಣ್ಣ ಕಾಲುವೆ, ಇಟ್ಟು ಅದರಲ್ಲಿ ಮೇಣದಂಥ ಲ್ಯೂಬ್ ತುಂಬೋದು, ಗುಂಡು ಹೊರಟಾಗ ಒತ್ತಡಕ್ಕೆ ಅದು ಹೊರಗೆ ಹಿಂಡ್ಕೊಂಡು ಬ್ಯಾರಲ್ ಉದ್ದಕ್ಕೂ ತೆಳ್ಳಗೆ ಹರಡ್ತಾ ಹೋಗತ್ತೆ.

ಇಲ್ಲೊಂದು ವಿಷ್ಯ ಹೇಳ್ಲೇಬೇಕು. 1857ರ ದಂಗೆ ಬಗ್ಗೆ ನಾವೆಲ್ಲ ಶಾಲೇಲಿ ಓದಿದೀವಿ, ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ದನದ ಕೊಬ್ಬು ಹಂದಿ ಕೊಬ್ಬು ಸವರಿದಾರೆ ಅನ್ನೋ ಸುದ್ದಿ ಹಬ್ಬಿ ಸಿಪಾಯಿಗಳು ತಿರುಗಿಬಿದ್ರು ಅಂತ. ಆದ್ರೆ ಕೊಬ್ಬು ಸವರ್ಬೇಕಿತ್ತಾದ್ರೂ ಯಾಕೆ ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅದು ಇದೇ ಲ್ಯೂಬು! 1853ರ ಮಾದರಿಯ ಆ ರೈಫಲ್ಲು ಬಾಯಿ ಕಡೆಯಿಂದ ತುಂಬೋದು, ಒಳಗೆ ಸುರುಳಿ ಗೀರು ಬೇರೆ, ಮದ್ದಿನ ಮಸಿ ಕಟ್ಕೊಂಡ ನಳಿಗೆಗೆ ಸೀಸದ ಗುಂಡನ್ನ ಅದಕ್ಕೆ ಸುತ್ತಿದ ತೋಟಾದ ಕಾಗ್ದದ ಸಮೇತ ಕೆಳಗಿನ್ ತನಕ ತಳ್ಬೇಕು, ಕಾಗ್ದಕ್ಕೆ ಜಿಡ್ಡು ಇಲ್ದಿದ್ರೆ ಸ್ವಲ್ಪ ಹೊತ್ತಿಗೇ ಅದು ಸಿಕ್ಕಿಹಾಕ್ಕೊಳೋದು. ಗಲಾಟೆ ಶುರುವಾದ ಮೇಲೆ ಅದೇ ವರ್ಷ ಜನವರೀಲೇ, ನಿಮ್ಗೆ ಬೇಕಾದ್ದು ಜೇನುಮೇಣ ತುಪ್ಪ ಏನಾದ್ರೂ ನೀವೇ ಸವರ್ಕೊಳಿ ಅಂತ ಸರ್ಕಾರ ಬಿಟ್ಕೊಟ್ಟಿತ್ತು, ಅಷ್ಟೊತ್ತಿಗೆ ಮಾತು ಕೈಮೀರಿತ್ತು. ಲ್ಯೂಬ್ ಆಯ್ಕೆ ಸಣ್ಣ ವಿಷ್ಯ ಅನ್ನೋರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ.

ಸರಿ, ಪ್ರಶ್ನೆಗೆ ಬರ್ತೀನಿ. ಲ್ಯೂಬ್ ಯಾವ್ದು ಅನ್ನೋದಕ್ಕಿಂತ ಮೊದ್ಲು ಕೇಳ್ಕೋಬೇಕಾಗಿರೋದು ಮದ್ದು ಯಾವ್ದು ಅಂತ. ಹಳೇ ಕಾಲದ ಕರಿಮದ್ದಾ, ಈಗಿನ ಹೊಗೆಯಿಲ್ಲದ ಮದ್ದಾ? ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗ್ಯಾಸ್ ಆಗೋದೇ ಇಲ್ಲ, ಗಟ್ಟಿ ಮಸಿಯಾಗಿ ಉಳ್ಕೊಳತ್ತೆ. ಹಾಗಾಗಿ ಅಲ್ಲಿ ಲ್ಯೂಬಿನ ಮುಖ್ಯ ಕೆಲ್ಸ ಜಾರಿಸೋದಲ್ಲ, ಆ ಮಸಿನ ಮೆತ್ತಗೆ ಇಡೋದು. ಜೇನುಮೇಣದ ಜೊತೆ ಪ್ರಾಣಿ ಕೊಬ್ಬು, ಇಲ್ಲಾ ಆಲಿವ್ ಎಣ್ಣೆಯಂಥ ಸಸ್ಯದ ಎಣ್ಣೆ ಸೇರಿಸಿದ್ದು ಅಲ್ಲಿ ಚೆನ್ನಾಗಿ ನಡೆಯತ್ತೆ. ಪೆಟ್ರೋಲಿಯಂ ಗ್ರೀಸು, ವ್ಯಾಸಲಿನ್ ಇಂಥವು ಕರಿಮದ್ದಿನ ಜೊತೆ ಸೇರಿದ್ರೆ ಟಾರಿನ ಥರ ಗಟ್ಟಿ ಅಂಟು ಆಗ್ಬಿಡತ್ತೆ, ಬ್ಯಾರಲ್ ತೊಳ್ಯೋದು ನರಕ. ಹೊಗೆಯಿಲ್ಲದ ಮದ್ದಲ್ಲಿ ಈ ಮಸಿ ತಾಪತ್ರಯ ಕಮ್ಮಿ, ಅಲ್ಲಿ ಪೆಟ್ರೋಲಿಯಂ ಆದ್ರೂ ನಡೆಯತ್ತೆ, ಆದ್ರೆ ಒತ್ತಡ ಜಾಸ್ತಿ ವೇಗ ಜಾಸ್ತಿ, ಅದನ್ನ ತಡ್ಕೊಳೋ ಲ್ಯೂಬ್ ಬೇಕು. ಹೀಗಿರುವಾಗ "ಯಾವ್ದಾದ್ರೂ ಒಳ್ಳೇ ಗ್ರೀಸ್" ಅಂತ ಬರೆದವ್ರು ಈ ಒಂದು ಪ್ರಶ್ನೆನಾದ್ರೂ ವಾಪಸ್ ಕೇಳ್ಬೇಕಿತ್ತು.

ಎರಡನೇದು, ಇದನ್ನ ನಾನು ಒತ್ತಿ ಹೇಳ್ತೀನಿ, ಲೆಡಿಂಗ್ ಆಗ್ತಿದೆ ಅಂದ್ರೆ ಎಷ್ಟೋ ಸಲ ತಪ್ಪು ಲ್ಯೂಬಿಂದೇ ಅಲ್ಲ, ಗುಂಡಿನ ಅಳತೇದು. ಎರಕದ ಗುಂಡು ಬ್ಯಾರಲ್ಲಿನ ಗ್ರೂವ್ ಅಳತೆಗಿಂತ, ಅಂದ್ರೆ ಒಳಗಿನ ಸುರುಳಿ ಗೀರುಗಳ ತಳದಿಂದ ತಳಕ್ಕಿರೋ ಅಗಲಕ್ಕಿಂತ, 0.001 ಇಂದ 0.002 ಇಂಚು ದಪ್ಪ ಇರ್ಬೇಕು ಅನ್ನೋದು ಹಳಬ್ರ ಲೆಕ್ಕ. ಸಣ್ಣ ಇದ್ರೆ ಪಕ್ಕದ ಸಂದೀಲಿ ಬಿಸಿ ಗ್ಯಾಸ್ ನುಗ್ಗಿ ಸೀಸನ ಕೊರ್ಕೊಂಡು ಹೋಗತ್ತೆ, ಆಗ ನೀವು ಜಗತ್ತಿನ ಯಾವ ಲ್ಯೂಬ್ ಹಾಕಿದ್ರೂ ಅಷ್ಟೆ. ಖಾಲಿ ಕೋವೀಲಿ ಮೆತ್ತಗಿನ ಸೀಸದ ತುಂಡೊಂದನ್ನ ಬ್ಯಾರಲ್ಲಲ್ಲಿ ನಿಧಾನಕ್ಕೆ ತಳ್ಳಿ ಈಚೆ ತೆಗೆದು ಮೈಕ್ರೋಮೀಟರಲ್ಲಿ ಅಳೆದ್ರೆ ನಿಜವಾದ ಅಳತೆ ಗೊತ್ತಾಗತ್ತೆ, ಇದಕ್ಕೆ ಸ್ಲಗ್ ಮಾಡೋದು ಅಂತಾರೆ. ರಿವಾಲ್ವರ್ ಆದ್ರೆ ಸಿಲಿಂಡರಿನ ಮುಂದಿನ ತೂತುಗಳನ್ನೂ ನೋಡ್ಬೇಕು, ಅವು ಬ್ಯಾರಲ್ಲಿಗಿಂತ ಸಣ್ಣ ಇದ್ರೆ ನೀವು ಎಷ್ಟೇ ದಪ್ಪ ಗುಂಡು ಹಾಕಿದ್ರೂ ಅಲ್ಲೇ ಹಿಂಡಿ ಸಣ್ಣ ಮಾಡಿ ಕಳ್ಸತ್ತೆ.

ಹಾಗಾದ್ರೆ ತಪ್ಪು ಲ್ಯೂಬಿಂದಾ ಅಳತೇದಾ ಅಂತ ಹೆಂಗೆ ಗೊತ್ತಾಗೋದು? ಬ್ಯಾರಲ್ಲೇ ಹೇಳತ್ತೆ. ಕೋವಿ ಖಾಲಿ ಇದೆ ಅಂತ ಎರಡೆರಡು ಸಲ ನೋಡ್ಕೊಂಡು, ಆ್ಯಕ್ಷನ್, ಅಂದ್ರೆ ಗುಂಡು ತುಂಬಿ ಮುಚ್ಚೋ ಭಾಗ, ತೆರೆದಿಟ್ಟು, ಬ್ಯಾರಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಲೆಡಿಂಗ್ ಆಗಿದ್ರೆ ಒಳಗೋಡೇಲಿ ಬೂದು ಬಣ್ಣದ ಗೆರೆ ಗೆರೆ, ಕೆಲವು ಕಡೆ ಪದರ ಎದ್ದ ಥರ ಕಾಣತ್ತೆ, ಬಿಗಿಯಾದ ಬಟ್ಟೆ ಎಳೆದ್ರೆ ಅದರ ಮೇಲೆ ಬೆಳ್ಳಿ ಚೂರಿನ ಥರ ಸಣ್ಣ ಸಣ್ಣ ಹಾಳೆ ಬರತ್ತೆ, ಅದೇ ಸೀಸ. ಅದು ಗುಂಡು ಹೊರಡೋ ಕಡೆ, ಅಂದ್ರೆ ತೋಟಾ ಕೂರೋ ಚೇಂಬರ್ ಮುಂದೇನೇ ಇದ್ರೆ ಅಳತೆ ಸರಿಯಿಲ್ಲ ಅಂತ ಲೆಕ್ಕ. ಅಲ್ಲೆಲ್ಲ ಕ್ಲೀನಾಗಿದ್ದು ಬ್ಯಾರಲ್ ಬಾಯಿ ಹತ್ರದ ಕೊನೇ ಭಾಗದಲ್ಲಿ ಮಾತ್ರ ಇದ್ರೆ ಲ್ಯೂಬ್ ಅರ್ಧ ದಾರೀಲೇ ಮುಗ್ದೋಗಿದೆ ಅಂತ, ಆಗ ಲ್ಯೂಬ್ ಬದಲಾಯ್ಸಿ, ಇಲ್ಲಾ ಗ್ರೂವ್ ಪೂರ್ತಿ ತುಂಬ್ತಿದೆಯಾ ನೋಡಿ. ಇನ್ನೊಂದು ಗುರುತಿದೆ. ಸರಿಯಾದ ಲ್ಯೂಬ್ ಆದ್ರೆ ಬ್ಯಾರಲ್ ಬಾಯಿಯ ಅಂಚಲ್ಲಿ ಸುರುಳಿ ಗೀರುಗಳ ಲೆಕ್ಕಕ್ಕೆ ತಕ್ಕಂಗೆ ಜಿಡ್ಡಿನ ನಕ್ಷತ್ರ ಮೂಡತ್ತೆ, ಬೆರಳಿಟ್ರೆ ಮೆತ್ತಗೆ ಜಿಡ್ಡು ಹತ್ತತ್ತೆ. ಲ್ಯೂಬ್ ಕೊನೇ ತನಕ ಬಂದಿದೆ ಅನ್ನೋದಕ್ಕೆ ಅದು ಸಾಕ್ಷಿ. ಕೆಲವ್ರು ಅದನ್ನ ನೋಡಿ ಕೊಳೆ ಅಂತ ಒರೆಸಿ ಬೇಜಾರು ಮಾಡ್ಕೋತಾರೆ, ನಾನಂತೂ ಅದು ಕಾಣ್ದಿದ್ರೇ ಬೇಜಾರು ಮಾಡ್ಕೊಳೋನು.

ಇನ್ನು ಲ್ಯೂಬ್‌ಗಳು. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಹೆಸರಲ್ಲಿ ಪ್ರಸಿದ್ಧವಾಗಿರೋ ಹಳೇ ಫಾರ್ಮುಲಾ ಒಂದಿದೆ, ಜೇನುಮೇಣ ಅರ್ಧ, ಆಲಾಕ್ಸ್ 2138ಎಫ್ ಅರ್ಧ. ಆಲಾಕ್ಸ್ ಅಂದ್ರೆ ಪೆಟ್ರೋಲಿಯಂ ಇಂದ ತಯಾರಾಗೋ, ಮೂಲತಃ ತುಕ್ಕು ತಡೆಯೋಕೆ ಬಳಸೋ ಕಂದು ಜಿಡ್ಡು, ಒಂಥರಾ ವಾಸನೆ, ಕೈಗೆ ಹತ್ತಿದ್ರೆ ಬೇಗ ಹೋಗಲ್ಲ. ಜೇನುಮೇಣ 62 ಇಂದ 64 ಡಿಗ್ರಿಗೆ ಕರಗತ್ತೆ, ಹಾಗಾಗಿ ಬಿಸಿಲಲ್ಲಿ ಹರಿದು ಹೋಗಲ್ಲ, ಆಲಾಕ್ಸ್ ಅದನ್ನ ಮೆತ್ತಗಿಡತ್ತೆ. ಹೊಗೆಯಿಲ್ಲದ ಮದ್ದಿಗೆ ಈ ಐವತ್ತು ಐವತ್ತು ಇವತ್ತಿಗೂ ನಂಬಿಕಸ್ಥ, ನನ್ನ ಕೇಳಿದ್ರೆ ಹೊಸಬ್ರು ಇಲ್ಲಿಂದ್ಲೇ ಶುರು ಮಾಡ್ಬೇಕು, ಯಾಕಂದ್ರೆ ಇದು ಕೆಲ್ಸ ಮಾಡ್ಲಿಲ್ಲ ಅಂದ್ರೆ ತೊಂದ್ರೆ ಬೇರೆ ಕಡೆ ಇರೋ ಸಾಧ್ಯತೆ ಜಾಸ್ತಿ.

ಗ್ರೂವಿಗೆ ಲ್ಯೂಬ್ ತುಂಬೋ ಮಷೀನ್ ಇಲ್ದೋರು ಗುಂಡುಗಳನ್ನ ಅಗಲದ ತಟ್ಟೇಲಿ ನೆಟ್ಟಗೆ ನಿಲ್ಸಿ, ಕರಗಿದ ಲ್ಯೂಬ್ ಗ್ರೂವ್ ಮುಳುಗೋ ತನಕ ಹೊಯ್ದು, ಆರಿದ ಮೇಲೆ ಒಂದೊಂದೇ ಕೊರೆದು ತೆಗೀತಾರೆ. ನಿಧಾನದ ಕೆಲ್ಸ, ಆದ್ರೆ ಚೆನ್ನಾಗಿ ಬರತ್ತೆ. ಮೇಣನ ನೇರ ಬೆಂಕಿ ಮೇಲಿಡ್ಬೇಡಿ, ಬಿಸಿನೀರಿನ ಪಾತ್ರೆ ಒಳಗಿಟ್ಟೇ ಕರಗ್ಸಿ.

ದ್ರವ ಆಲಾಕ್ಸ್ ಅಂತ ಬರತ್ತೆ, ಡಬ್ಬೀಲಿ ಗುಂಡುಗಳನ್ನ ಹಾಕಿ ಸ್ವಲ್ಪ ಬಿಟ್ಟು ಉರುಳಿಸಿ ಹರಡಿ ಒಣಗಿಸೋದು. ಸುಲಭ ಅಂತ ಎಲ್ರೂ ಅದಕ್ಕೇ ಹೋಗ್ತಾರೆ, ಜಾಸ್ತಿ ಸುರೀತಾರೆ, ಆಮೇಲೆ ದಿನಗಟ್ಲೆ ಒಣಗ್ದೇ ಅಂಟಂಟು ಅಂತ ಬೈಕೋತಾರೆ. ತೆಳ್ಳಗೆ ಬಂಗಾರದ ಬಣ್ಣ ಹತ್ತಿದ್ರೆ ಸಾಕು, ಕಂದು ಬಣ್ಣ ಕಾಣ್ತು ಅಂದ್ರೆ ಜಾಸ್ತಿ ಆಯ್ತು. ನಿಧಾನಕ್ಕೆ ಹೋಗೋ ಪಿಸ್ತೂಲು ರಿವಾಲ್ವರ್ ಗುಂಡಿಗೆ ಇದು ಸರಿ, ಸೆಕೆಂಡಿಗೆ 2,000 ಅಡಿ ಹತ್ರ ಹೋಗೋ ರೈಫಲ್ ಗುಂಡಿಗೆ ಇದೊಂದನ್ನೇ ನಂಬ್ಕೊಳೋದು ಬೇಡ, ಅಲ್ಲಿ ಗುಂಡಿನ ತಳಕ್ಕೆ ಬಿಸಿ ಗ್ಯಾಸ್ ತಡೆಯೋ ತಾಮ್ರದ ಸಣ್ಣ ಬಟ್ಟಲು, ಅಂದ್ರೆ ಗ್ಯಾಸ್ ಚೆಕ್, ಹಾಕಿ ಗ್ರೂವ್ ತುಂಬ ಒಳ್ಳೇ ಲ್ಯೂಬ್ ಇರ್ಬೇಕು. ದೊಡ್ಡ ಪ್ರಮಾಣದಲ್ಲಿ ಮಾರೋರು ಹಾಕೋ ಬಣ್ಣಬಣ್ಣದ ಗಟ್ಟಿ ಮೇಣ ನೋಡಕ್ಕೆ ಚೆಂದ, ಪೆಟ್ಟಿಗೇಲಿ ಸಾಗಿಸ್ವಾಗ ಉದುರಲ್ಲ ಮೆತ್ತಲ್ಲ ಅನ್ನೋದೇ ಅದರ ದೊಡ್ಡ ಗುಣ, ಬ್ಯಾರಲ್ ಒಳಗಿನ ಕೆಲ್ಸದಲ್ಲಿ ಮೆತ್ತಗಿನದ್ದೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಪೌಡರ್ ಕೋಟಿಂಗ್ ಅಂತ ಬಂದಿದೆ, ಕಬ್ಬಿಣದ ಗೇಟಿಗೆ ಹೊಡೆಯೋ ಅದೇ ಪುಡಿ ಬಣ್ಣನ ಗುಂಡಿಗೆ ಹಿಡಿಸಿ 200 ಡಿಗ್ರಿ ಆಸುಪಾಸಲ್ಲಿ ಬೇಯ್ಸೋದು, ಆಮೇಲೆ ಲ್ಯೂಬೇ ಬೇಡ, ಹೊಗೆ ಕಮ್ಮಿ, ಕೈಗೆ ಸೀಸ ಹತ್ತೋದೂ ಕಮ್ಮಿ. ಒಳ್ಳೇದೇ. ಆದ್ರೆ ಆ ಓವನ್ನಲ್ಲಿ ಮತ್ತೆ ಯಾವತ್ತೂ ಅಡುಗೆ ಮಾಡೋ ಹಾಗಿಲ್ಲ, ಮತ್ತೆ ಅದಾದ್ರೂ ಗುಂಡಿನ ಅಳತೆ ಸರಿ ಇಲ್ದೋರನ್ನ ಕಾಪಾಡಲ್ಲ.

"ಧಾರಾಳವಾಗಿ" ಅನ್ನೋ ಮಾತಿಗೆ ಬರ್ತೀನಿ. ಇದೇನು ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಟ್ಟಂಗಲ್ಲ. ಜಾಸ್ತಿ ಆದ್ರೆ ಬ್ಯಾರಲ್ಲಲ್ಲಿ ಸೇರ್ಕೊಂಡಿದ್ದು ಇದ್ದಕ್ಕಿದ್ದಂಗೆ ಒಂದ್ಸಲ ಹೊರಗೆ ಬರತ್ತೆ, ಆವಾಗ ಚೆನ್ನಾಗಿ ಒಂದೇ ಕಡೆ ಬೀಳ್ತಿದ್ದ ಗುಂಡುಗಳಲ್ಲಿ ಒಂದು ಮಾತ್ರ ಎಲ್ಲೋ ಹೋಗಿ ಬೀಳತ್ತೆ, ಶೂಟರ್ ತಲೆ ಕೆಡಿಸ್ಕೋತಾನೆ. ಗುಂಡಿನ ತಳಕ್ಕೆ ಮೆತ್ತಿದ ಮೆತ್ತಗಿನ ಲ್ಯೂಬ್ ಬಿಸಿಗೆ ಕರಗಿ ಮದ್ದಿಗೆ ಇಳಿದ್ರೆ ಮದ್ದೇ ಹಾಳು. ಚಳೀಲಿ ಇದರ ಉಲ್ಟಾ, ಗಟ್ಟಿ ಲ್ಯೂಬ್ ಕಲ್ಲಾಗಿರತ್ತೆ, ತಣ್ಣಗಿನ ಬ್ಯಾರಲ್ಲಲ್ಲಿ ಮೊದಲ್ನೇ ಗುಂಡು ಬೇರೆ ಕಡೆ ಹೋಗತ್ತೆ. ಹಾಗಾಗಿ ಗ್ರೂವ್ ತುಂಬ ಇರ್ಲಿ, ತಳ ಒರೆಸಿ ಕ್ಲೀನಾಗಿರ್ಲಿ, ಲ್ಯೂಬ್ ಹಚ್ಚಿದ ಗುಂಡು ಮುಚ್ಚಳ ಇರೋ ಡಬ್ಬೀಲಿರ್ಲಿ, ಜಿಡ್ಡಿಗೆ ಮರಳು ಧೂಳು ಕೂತ್ರೆ ಅದು ಬ್ಯಾರಲ್ಲನ್ನೇ ಗೀರತ್ತೆ.

ಕೊನೇದಾಗಿ ನಿಮ್ಮ ಉತ್ತರದಲ್ಲಿ ಒಂದಕ್ಷರನೂ ಇಲ್ದೇ ಇದ್ದದ್ದು, ಸೀಸ ವಿಷ. ಲ್ಯೂಬ್ ಹಚ್ಚೋದು ಅಂದ್ರೆ ಜಿಡ್ಡು ಕೈಯಲ್ಲಿ ಗಂಟೆಗಟ್ಲೆ ಸೀಸ ಮುಟ್ಟೋದು, ಆ ಕೈ ಬಾಯಿಗೆ ಹೋದ್ರೆ ಅಲ್ಲಿಂದ್ಲೇ ತೊಂದ್ರೆ, ಕರಗಿದ ಸೀಸದ ಆವಿಗಿಂತ ಈ ಧೂಳು ಮತ್ತೆ ಕೈ ಬಾಯಿ ದಾರೀನೇ ಮನೆ ಮಂದಿಗೆ ಜಾಸ್ತಿ ಅಪಾಯ, ಅದ್ರಲ್ಲೂ ಮಕ್ಕಳಿಗೆ. ಕೈಗವಸು ಹಾಕ್ಬೇಕು, ಕೆಲ್ಸ ಮಾಡ್ತಾ ತಿನ್ನೋದು ಸಿಗರೇಟು ಬೇಡ, ಆದ್ಮೇಲೆ ಸೋಪ್ ಹಾಕಿ ಕೈ ತೊಳೀಬೇಕು, ಅಡುಗೆಮನೆ ಪಾತ್ರೆ ಯಾವ್ದನ್ನೂ ಇದಕ್ಕೆ ತಗೊಂಡು ವಾಪಸ್ ಅಡುಗೆಗೆ ಇಡ್ಬಾರ್ದು. ಎರಕ ಹೊಯ್ಯೋ ಜಾಗದಲ್ಲಿ ಗಾಳಿ ಆಡ್ಬೇಕು, ಕಾದ ಸೀಸಕ್ಕೆ ಒಂದು ಹನಿ ನೀರು ಸೇರಿದ್ರೂ ಅದು ಆವಿಯಾಗಿ ಸೀಸನ ಮುಖಕ್ಕೆ ಎರಚತ್ತೆ. ಮುಂದಿನ ಸಂಚಿಕೇಲಿ ದಯವಿಟ್ಟು ಇಷ್ಟನ್ನಾದ್ರೂ ಅದೇ ಅಂಕಣದಲ್ಲಿ ಹಾಕಿ. ಜಾಗ ಸಾಲ್ದಿದ್ರೆ ನಾನು ಮೇಲೆ ಬರೆದ ಮಿಕ್ಕಿದ್ದೆಲ್ಲ ಕತ್ತರಿಸಿ, ಇದೊಂದು ಪ್ಯಾರಾ ಉಳಿಸ್ಕೊಳಿ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗ