ಸ್ಯಾಂಡಿ ಬೇ ಜನ ವಾಪಸ್ ಹೋದದ್ದು ಯಾಕೆ?

ಪ್ರೀತಿಯ ಗೆಳೆಯಾ,

ಬೆಂಕಿ ಉಗುಳುವ ಬೆಟ್ಟದ ಬುಡಕ್ಕೇ ಮತ್ತೆ ಹೋಗಿ ಇರ್ತಾರಲ್ಲ, ಅವರಿಗೆ ಜೀವದ ಆಸೆ ಇಲ್ವಾ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ಈಶಾನ್ಯ ದಂಡೆಯಲ್ಲಿದೆ ಸ್ಯಾಂಡಿ ಬೇ. ಬೆನ್ನಿಗೆ ಲಾ ಸೂಫ್ರಿಯೇರ್ ಅನ್ನುವ ಆ ಬೆಂಕಿ ಬೆಟ್ಟ, ಎದುರಿಗೆ ಅಟ್ಲಾಂಟಿಕ್. ಮೀನು ಹಿಡಿಯುವವರು, ಆರಾರೂಟ್ ಗೆಡ್ಡೆ ಬೆಳೆಯುವವರು. ನಮ್ಮ ಕರಾವಳಿಯ ಜೀಗುಜ್ಜೆ ಅಲ್ಲೂ ಇದೆ, ಕೆಂಡದಲ್ಲಿ ಸುಟ್ಟು ಹುರಿದ ಮೀನಿನ ಜೊತೆ ತಿನ್ನುತ್ತಾರೆ. ಊರು ಸೇರಲು ರಬಾಕಾ ಹೊಳೆ ದಾಟಬೇಕು. ಸದಾ ಒಣಗಿರುತ್ತದೆ, ಬೆಟ್ಟದಲ್ಲಿ ಮಳೆ ಸುರಿದರೆ ಮಾತ್ರ ಒಮ್ಮೆಲೇ ನುಗ್ಗುತ್ತದೆ. ಅದಕ್ಕೆ ಸೇತುವೆ ಬಂದದ್ದೇ 2007ರಲ್ಲಿ.

ಇಲ್ಲಿಯವರು ಕಲಿನಾಗೊ (ದ್ವೀಪದ ಮೂಲನಿವಾಸಿಗಳು) ಮತ್ತು ಗರಿಫುನಾ (ಆ ಮೂಲನಿವಾಸಿಗಳು ಮತ್ತು ಆಫ್ರಿಕಾದವರು ಬೆರೆತು ಹುಟ್ಟಿದ ಜನ) ಮೂಲದವರು. ಒಂದು ಕಾಲದಲ್ಲಿ ಇಡೀ ದ್ವೀಪವೇ ಅವರದಾಗಿತ್ತು. ಕಬ್ಬು ಬೆಳೆಯಲು ಬ್ರಿಟಿಷರಿಗೆ ಆ ನೆಲ ಬೇಕಾಯಿತು. ಎದುರು ನಿಂತ ನಾಯಕ ಚಟೋಯೆ 1795ರಲ್ಲಿ ಸತ್ತ. ಮರುವರ್ಷ ಸಾವಿರಾರು ಗರಿಫುನಾ ಜನರನ್ನು ಬಲಿಸೋ ಎಂಬ ಪುಟ್ಟ ದ್ವೀಪಕ್ಕೆ ತಳ್ಳಿದರು. ಸುಮಾರು ಅರ್ಧದಷ್ಟು ಜನ ಅಲ್ಲೇ ಸತ್ತರು. ಉಳಿದವರನ್ನು 1797ರಲ್ಲಿ ಹಡಗು ಹತ್ತಿಸಿ ಹೊಂಡುರಾಸ್ ಹತ್ತಿರದ ರೊವಾಟಾನ್‌ನಲ್ಲಿ ಇಳಿಸಿಬಿಟ್ಟರು. ತಪ್ಪಿಸಿಕೊಂಡ ಕೆಲವರಿಗೆ ಉಳಿದದ್ದು ಬೆಟ್ಟದ ಸುತ್ತಿನ ಈ ಉತ್ತರದ ನೆಲ. ಅಪಾಯದ ಜಾಗವನ್ನು ಅವರೇ ಆರಿಸಿಕೊಂಡರು ಅನ್ನುವುದು ಅನ್ಯಾಯ, ಅಲ್ವಾ?

1902ರಲ್ಲಿ ಬೆಟ್ಟ ಸಿಡಿದಾಗ ಸುಮಾರು 1,600 ಜನ ಸತ್ತರು. ಹೆಚ್ಚಿನವರು ಇದೇ ಉತ್ತರ ಭಾಗದವರು. ಮಾರನೇ ದಿನವೇ ಪಕ್ಕದ ಮಾರ್ಟಿನಿಕ್‌ನಲ್ಲಿ ಪೆಲೆ ಬೆಟ್ಟ ಸಿಡಿದು ಸೇಂಟ್ ಪಿಯರ್ ಪಟ್ಟಣವೇ ನಾಶವಾಯಿತು. ಜಗತ್ತು ಅದನ್ನೇ ನೆನಪಿಟ್ಟುಕೊಂಡಿತು, ಇವರನ್ನು ಮರೆಯಿತು. ಇದು ನನಗೆ ಈಗಲೂ ಸಂಕಟದ ವಿಷಯ.

2021ರಲ್ಲಿ ಹಾಗಾಗಲಿಲ್ಲ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಿಂಗಳುಗಟ್ಟಲೆ ಬೆಟ್ಟದ ಮೇಲೆ ಕಣ್ಣಿಟ್ಟಿದ್ದರು. ಏಪ್ರಿಲ್ 8ರಂದು ಊರು ಬಿಡಲು ಆದೇಶ ಬಂತು, 9ರ ಬೆಳಿಗ್ಗೆ ಬೆಟ್ಟ ಸಿಡಿಯಿತು. ಸ್ಫೋಟಕ್ಕೆ ನೇರವಾಗಿ ಒಬ್ಬರೂ ಬಲಿಯಾಗಲಿಲ್ಲ. ಬೂದಿಯ ಭಾರಕ್ಕೆ ಸೂರುಗಳು ಕುಸಿದವು, ಬೆಳೆ ಹೋಯಿತು. ಜನ ತಿಂಗಳುಗಟ್ಟಲೆ ಶಾಲೆಗಳಲ್ಲಿ, ನೆಂಟರ ಮನೆಗಳಲ್ಲಿ ಕಳೆದು, ವಾಪಸ್ ಬಂದು ಬೂದಿ ಎತ್ತಿ ಹಾಕಿದರು.

ಬೇರೆಲ್ಲಿಗೆ ಹೋಗಬೇಕಿತ್ತು ಹೇಳು? ಮುನ್ನೆಚ್ಚರಿಕೆ ಸಿಗಲಿ, ರಸ್ತೆ ಗಟ್ಟಿಯಾಗಿರಲಿ, ಬೆಳೆ ಹೋದರೆ ಪರಿಹಾರ ಬರಲಿ. ನಾವು ಕೇಳಬೇಕಾದದ್ದು ಅದನ್ನು. ಅಂದಹಾಗೆ, ಗರಿಫುನಾ ಜನ ಸತ್ತ ಆ ಬಲಿಸೋ ದ್ವೀಪ ಖಾಸಗಿಯವರ ಕೈಯಲ್ಲಿತ್ತು. 2025ರಲ್ಲಿ ಅಲ್ಲಿನ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಓದಿ ತುಂಬಾ ಖುಷಿಯಾಯಿತು ನನಗೆ.

ನಿನ್ನ ಗೆಳೆಯ